ಡಿಗ್ರಿ ಜೊತೆಗೆ ಕೆಲಸ: ಸರಿ, ಆದರೆ ಅಲ್ಲಿ ಕಲಿಸುವವರು ಯಾರು?

ಒಬ್ಬ ಹುಡುಗ ಲೋಹ ಕಡೆಯುವ ಲೇತ್ ಮಷೀನಿನ ಮುಂದೆ ನಿಂತಿದ್ದಾನೆ ಅಂದುಕೊಳ್ಳಿ. 50 ಮಿಲಿಮೀಟರ್ ದಪ್ಪದ ಉಕ್ಕಿನ ಶಾಫ್ಟ್‌ನ ಟರ್ನಿಂಗ್ ಮುಗಿಸಿದ. ಮೈಕ್ರೋಮೀಟರ್ ಹಿಡಿದು ಅಳೆದ. ಅಳತೆ ಪಕ್ಕಾ. ಖುಷಿಯಿಂದ ಪಕ್ಕಕ್ಕಿಟ್ಟು ಮನೆಗೆ ಹೋದ. ಮರುದಿನ ಬೆಳಿಗ್ಗೆ ಬಂದು ಮತ್ತೆ ಅಳೆದ. ಅದೇ ಶಾಫ್ಟ್, ಅದೇ ಮೈಕ್ರೋಮೀಟರ್. ಅಳತೆ ಕಮ್ಮಿ ತೋರಿಸುತ್ತಿದೆ. ಪಾರ್ಟ್ ರಿಜೆಕ್ಟ್.

ರಾತ್ರಿ ಯಾರೂ ಬಂದು ಅದನ್ನು ಉಜ್ಜಿಲ್ಲ. ಹಿಂದಿನ ದಿನ ಅಳೆಯುವಾಗ ಶಾಫ್ಟ್ ಬಿಸಿ ಇತ್ತು, ಅಷ್ಟೇ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಈ ಶಾಫ್ಟ್ 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಅದರ ದಪ್ಪ ಹಿಗ್ಗುವುದು ಸುಮಾರು 17 ಮೈಕ್ರಾನ್. ಕೂದಲೆಳೆಗಿಂತಲೂ ತೆಳು. ಆದರೆ ಬಿಗಿ ಅಳತೆಯ ಕೆಲಸದಲ್ಲಿ ಈ ಗಾತ್ರದ ಶಾಫ್ಟ್‌ಗೆ ಕೊಡುವ ಟಾಲರೆನ್ಸ್, ಅಂದರೆ ಅಳತೆ ಹೆಚ್ಚುಕಮ್ಮಿಯಾಗಲು ಇರುವ ಅವಕಾಶ, ಎಲ್ಲಾ ಸೇರಿ 16 ಮೈಕ್ರಾನ್.

ಹುಡುಗನಿಗೆ ಈ ಲೆಕ್ಕ ಬರುವುದಿಲ್ಲ ಅಂತಲ್ಲ. ಮೊದಲ ವರ್ಷದ ಪರೀಕ್ಷೆಯಲ್ಲಿ ಇದನ್ನೇ ಬಿಡಿಸಿ ಪೂರ್ತಿ ಅಂಕ ತಗೊಂಡಿದ್ದಾನೆ. ಉದ್ದದ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ಸೇ ಆಧಾರ ಅಂತ 1931ರಲ್ಲೇ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿದ್ದನ್ನೂ ಓದಿದ್ದಾನೆ. ಆ ಪಾಠಕ್ಕೂ ಕೈಯಲ್ಲಿರುವ ಬೆಚ್ಚನೆಯ ಉಕ್ಕಿಗೂ ನಂಟಿದೆ ಅಂತ ಮಾತ್ರ ಹೊಳೆದಿಲ್ಲ. ಪಕ್ಕದ ಮಷೀನಿನ ಹಿರಿಯರು "ಅಳೆಯೋ ಮುಂಚೆ ಮುಟ್ಟಿ ನೋಡಪ್ಪ, ಬಿಸಿ ಇದ್ರೆ ಆರೋಕೆ ಬಿಡು" ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಲು ಐದು ಸೆಕೆಂಡ್ ಸಾಕು. ಆದರೆ ಹೇಳುವುದು ಅವರ ಕೆಲಸ ಅಂತ ಅವರಿಗೆ ಯಾರೂ ಹೇಳಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಮುಟ್ಟಿ ನೋಡುವ ಹಿರಿಯರ ಕೈಗೆ ಉಕ್ಕಿನ ಬದಲು ಅಲ್ಯೂಮಿನಿಯಂ ಕೊಡಿ. ಅದು ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಇಪ್ಪತ್ತು ವರ್ಷದ ಕೈಯಂದಾಜು ಅಲ್ಲಿ ಕೈಕೊಡಬಹುದು. ಆಗ ಬೇಕಾಗುವುದು ಕ್ಲಾಸಿನ ಲೆಕ್ಕ. ಓದು ಮತ್ತು ಕೆಲಸ ಎರಡನ್ನೂ ಒಟ್ಟಿಗೆ ಇಡಬೇಕು ಅನ್ನುವವರ ವಾದ ಇಷ್ಟೇ. ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಹಾಗಾಗಿಯೇ ಈಗ ಜಗತ್ತಿನ ಹಲವು ಕಡೆ ಡಿಗ್ರಿಯ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸುವ ಉತ್ಸಾಹ ಕಾಣುತ್ತಿದೆ. ಎಷ್ಟು ಕ್ರೆಡಿಟ್, ಎಷ್ಟು ತಿಂಗಳು, ಎಷ್ಟು ಸ್ಟೈಪೆಂಡ್ ಅನ್ನುವ ಚರ್ಚೆ ಜೋರಾಗಿ ನಡೆಯುತ್ತಿದೆ. ಕೆಲಸದ ಜಾಗದಲ್ಲಿ ಕಲಿಸುವವರು ಯಾರು, ಅದಕ್ಕೆ ಅವರಿಗೆ ಬಿಡುವು ಯಾರು ಕೊಡುತ್ತಾರೆ ಅನ್ನುವುದು ಮಾತ್ರ ಆ ಚರ್ಚೆಯ ಕೊನೆಯ ಪುಟಕ್ಕೆ ಹೋಗಿ ಕೂರುತ್ತದೆ. ಇಡೀ ವ್ಯವಸ್ಥೆ ನಿಲ್ಲುವುದೋ ಬೀಳುವುದೋ ಆ ಪುಟದ ಮೇಲೆಯೇ ಅನ್ನುವುದು ನನ್ನ ಅನಿಸಿಕೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಇಂಟರ್ನ್‌ಶಿಪ್, ಕೋ-ಆಪ್, ಅಪ್ರೆಂಟಿಸ್‌ಶಿಪ್ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡುತ್ತೇವೆ. ನಾನು ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಕಲಿಯುವ ಹುಡುಗಿ ಹುಷಾರಿಲ್ಲದೆ ಒಂದು ವಾರ ಬರಲಿಲ್ಲ ಅನ್ನಿ. ಮೊದಲು ಫೋನ್ ಮಾಡುವವರು ಯಾರು? ಇಂಟರ್ನ್‌ಶಿಪ್ ಆದರೆ ಬಹುಶಃ ಯಾರೂ ಮಾಡುವುದಿಲ್ಲ. ಅವಳು ಕಂಪನಿಗೆ ಕೆಲವು ವಾರದ ಅತಿಥಿ. ಕೋ-ಆಪ್ ಆದರೆ ಕಾಲೇಜಿಗೂ ಕಂಪನಿಗೂ ಇಬ್ಬರಿಗೂ ಲೆಕ್ಕ ಬೇಕು. ಅಲ್ಲಿ ಒಂದು ಅವಧಿ ಓದು, ಒಂದು ಅವಧಿ ಸಂಬಳದ ಕೆಲಸ ಅಂತ ಸರದಿಯಲ್ಲಿ ನಡೆಯುತ್ತದೆ. ಅಪ್ರೆಂಟಿಸ್ ಆದರೆ ಕಂಪನಿಯಿಂದಲೇ ಫೋನ್ ಬರುತ್ತದೆ, ಯಾಕೆಂದರೆ ಕರಾರು ಇರುವುದೇ ಕಂಪನಿಯ ಜೊತೆ. ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂದರೆ ಅದೇ ಕರಾರಿನ ಮೇಲೆ ಒಂದು ಪದವಿಯನ್ನೂ ಕೂರಿಸಿದಂತೆ. ಕರಾರು ಯಾರ ಜೊತೆ ಅನ್ನುವುದು ಗೊತ್ತಾದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಈ ಜಗಳ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1563ರ ಒಂದು ಕಾನೂನು ಏಳು ವರ್ಷ ಅಪ್ರೆಂಟಿಸ್ ಆಗಿರದವರು ಕಸುಬು ನಡೆಸುವಂತಿಲ್ಲ ಅಂತ ಹೇಳಿತ್ತು. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಇದರ ಮೇಲೆ ಹರಿಹಾಯ್ದ. ಗಡಿಯಾರವನ್ನು ಕಂಡುಹಿಡಿಯಲು ದೊಡ್ಡ ಬುದ್ಧಿ ಬೇಕಾಗಿತ್ತು, ಒಪ್ಪಿದೆ. ಆದರೆ ಕಂಡುಹಿಡಿದ ಮೇಲೆ ಅದನ್ನು ಮಾಡುವುದು ಹೇಗೆ ಅಂತ ವಿವರಿಸಲು ಕೆಲವು ವಾರಕ್ಕಿಂತ ಹೆಚ್ಚು ಬೇಕಿಲ್ಲ ಅಂತ ಅವನ ವಾದ. ಏಳು ವರ್ಷ ಬಿಟ್ಟಿ ದುಡಿಸಿಕೊಂಡರೆ ಹುಡುಗ ಸೋಮಾರಿಯಾಗದೆ ಏನಾದಾನು? ಮೊದಲ ದಿನದಿಂದ ಮಾಡಿದ ಕೆಲಸಕ್ಕೆ ತಕ್ಕಷ್ಟು ಕೂಲಿ ಕೊಡಿ, ಹಾಳು ಮಾಡಿದ ಸಾಮಾನಿಗೆ ಅವನಿಂದಲೇ ಹಣ ಹಿಡಿಯಿರಿ, ಆಗ ನೋಡಿ ಹೇಗೆ ಕಲಿಯುತ್ತಾನೆ ಅಂದ. 1814ರಲ್ಲಿ ಆ ಏಳು ವರ್ಷದ ಕಟ್ಟಳೆ ರದ್ದಾಯಿತು. ಸ್ಮಿತ್ ಹೇಳಿದ್ದರಲ್ಲಿ ಅರ್ಧ ಸರಿ. ಅವಧಿ ಉದ್ದವಾದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಆದರೆ "ವಿವರಿಸಿದರೆ ಸಾಕು, ಬಂದುಬಿಡುತ್ತದೆ" ಅನ್ನುವುದು ಎಂದೂ ಲೇತ್ ಮುಟ್ಟದವನ ಮಾತು ಅನಿಸುತ್ತದೆ.

ಕಾಲೇಜನ್ನೂ ಕೆಲಸವನ್ನೂ ಲೆಕ್ಕ ಹಾಕಿ ಜೋಡಿಸಿದವರಲ್ಲಿ ಮುಖ್ಯ ಹೆಸರು ಹರ್ಮನ್ ಷ್ನೈಡರ್. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮೇಷ್ಟ್ರು. ಚೆನ್ನಾಗಿ ಬೆಳೆದ ಹಳೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓದುವಾಗಲೇ ಎಲ್ಲೋ ದುಡಿದವರು ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ ಶುರು ಮಾಡಿದರು. ವಿದ್ಯಾರ್ಥಿಗಳನ್ನು ಜೋಡಿ ಮಾಡಿದರು. ಒಬ್ಬ ಒಂದು ವಾರ ಕ್ಲಾಸಿನಲ್ಲಿದ್ದರೆ ಇನ್ನೊಬ್ಬ ಕಾರ್ಖಾನೆಯಲ್ಲಿ. ಮುಂದಿನ ವಾರ ಅದಲುಬದಲು. ಕಾರ್ಖಾನೆಯ ಮಷೀನು ಖಾಲಿ ನಿಲ್ಲುವುದಿಲ್ಲ, ಮಾಲೀಕನಿಗೂ ತಕರಾರಿಲ್ಲ.

ಎಲ್ಲರೂ ನೆನಪಿಟ್ಟುಕೊಂಡಿರುವುದು ಈ ವಾರ ಬಿಟ್ಟು ವಾರದ ಲೆಕ್ಕವನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಹುಟ್ಟುಹಾಕಿದ ಒಂದು ಹುದ್ದೆ: ಕೋ-ಆರ್ಡಿನೇಟರ್. ಈ ಮೇಷ್ಟ್ರು ಕಾರ್ಖಾನೆಗೆ ಹೋಗಿ ಹುಡುಗರು ಏನು ಮಾಡುತ್ತಿದ್ದಾರೆ ಅಂತ ನೋಡಬೇಕು. ಆಮೇಲೆ ಕ್ಲಾಸಿಗೆ ಬಂದು ಆ ಕೆಲಸಕ್ಕೂ ಪುಸ್ತಕಕ್ಕೂ ಗಂಟು ಹಾಕಬೇಕು. ಬಿಸಿ ಶಾಫ್ಟಿನ ಹುಡುಗನಿಗೆ ಬೇಕಾಗಿದ್ದದ್ದು ಇಂಥವರೇ ಅಲ್ವಾ? ನೂರು ವರ್ಷ ದಾಟಿದ ಮೇಲೆ ಈಗ ಎಷ್ಟೋ ಕಡೆ ಕೋ-ಆರ್ಡಿನೇಟರ್ ಅಂದರೆ ಎಕ್ಸೆಲ್ ಶೀಟಿನಲ್ಲಿ ಹಾಜರಾತಿ ತುಂಬುವವರು.

ವೈದ್ಯಕೀಯದಲ್ಲಿ ಈ ಚರ್ಚೆಯೇ ಇಲ್ಲ, ಗಮನಿಸಿದ್ದೀರಾ? 1893ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಲೆಕ್ಚರ್ ಹಾಲಿನಿಂದ ಎಬ್ಬಿಸಿ ರೋಗಿಯ ಮಂಚದ ಪಕ್ಕ ನಿಲ್ಲಿಸಿದರು. ಇವತ್ತು ವಾರ್ಡ್ ನೋಡದೆ ಡಾಕ್ಟರ್ ಆದವರನ್ನು ಯಾರೂ ಒಪ್ಪುವುದಿಲ್ಲ. ಅಲ್ಲಿ ಇದು ಕೆಲಸ ಮಾಡಲು ಕಾರಣ ವಾರ್ಡ್ ಒಂದೇ ಅಲ್ಲ. ರೌಂಡ್ಸ್ ಬರುವ ಹಿರಿಯ ಡಾಕ್ಟರ್ ಕಲಿಸುವವರೂ ಹೌದು, ಪ್ರಶ್ನೆ ಕೇಳಿ ಬೆವರಿಳಿಸುವವರೂ ಹೌದು.

ಈ ವಿಷಯ ಬಂದಾಗಲೆಲ್ಲ ಜರ್ಮನಿಯ ಹೆಸರು ಬರುತ್ತದೆ. ಬರಬೇಕಾದದ್ದೇ. ಅಲ್ಲಿನ ಇಬ್ಬಗೆಯ ತರಬೇತಿಯಲ್ಲಿ ಹುಡುಗ ಹುಡುಗಿಯರು ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಒಂದೆರಡು ದಿನ ವೃತ್ತಿಶಾಲೆಯಲ್ಲಿ ಕಳೆಯುತ್ತಾರೆ. ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷ. ಹೀಗೆ ಕಲಿಯಬಹುದಾದ ಕಸುಬುಗಳು 300ಕ್ಕೂ ಹೆಚ್ಚು. 1969ರ ವೃತ್ತಿ ತರಬೇತಿ ಕಾನೂನು ಇದಕ್ಕೆಲ್ಲ ತಳಪಾಯ. ಪರೀಕ್ಷೆ ಮಾಡುವುದು ಕಂಪನಿಯೂ ಅಲ್ಲ, ಶಾಲೆಯೂ ಅಲ್ಲ. ವಾಣಿಜ್ಯ ಮಂಡಳಿ ಅಥವಾ ಕಸುಬುದಾರರ ಮಂಡಳಿ. ಪರೀಕ್ಷಕರ ಸಮಿತಿಯಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಜೊತೆಗೆ ಒಬ್ಬ ಮೇಷ್ಟ್ರಾದರೂ ಇರಲೇಬೇಕು. ಹಾಗಾಗಿ ಒಂದು ಕಂಪನಿ ಕೊಟ್ಟ ತರಬೇತಿಯನ್ನು ಇನ್ನೊಂದು ಕಂಪನಿ ಅನುಮಾನಿಸದೆ ಒಪ್ಪುತ್ತದೆ.

ಆದರೆ ಬೇರೆ ದೇಶಗಳು ಜರ್ಮನಿಯಿಂದ ನಕಲು ಮಾಡುವಾಗ ಬಿಟ್ಟುಬಿಡುವ ಭಾಗ ಒಂದಿದೆ. ಅಲ್ಲಿ ಕಂಪನಿಯೊಳಗೆ ಅಪ್ರೆಂಟಿಸ್‌ಗೆ ಕಲಿಸುವವರಿಗೂ ಒಂದು ಪರೀಕ್ಷೆ ಇದೆ. ಕೆಲಸ ಗೊತ್ತಿದ್ದರೆ ಸಾಲದು, ಕಲಿಸಲು ಗೊತ್ತು ಅಂತ ತೋರಿಸಬೇಕು. ತರಬೇತಿಯನ್ನು ಯೋಜಿಸುವುದು, ಸಿದ್ಧಪಡಿಸುವುದು, ನಡೆಸುವುದು, ಮುಗಿಸುವುದು ಅಂತ ನಾಲ್ಕು ಭಾಗ. ಲಿಖಿತ ಪರೀಕ್ಷೆಯಾದ ಮೇಲೆ ಒಂದು ತರಬೇತಿ ಸನ್ನಿವೇಶವನ್ನು ಪರೀಕ್ಷಕರ ಮುಂದೆ ನಡೆಸಿ ಅಥವಾ ವಿವರಿಸಿ ತೋರಿಸಬೇಕು.

ಇದಕ್ಕೊಂದು ಉಪಕಥೆಯೂ ಇದೆ. 2003ರಲ್ಲಿ ಅಪ್ರೆಂಟಿಸ್‌ಗಳಿಗೆ ಜಾಗ ಸಾಲುತ್ತಿರಲಿಲ್ಲ. ಈ ಪರೀಕ್ಷೆಯ ಕಾಟ ತಪ್ಪಿಸಿದರೆ ಹೆಚ್ಚು ಕಂಪನಿಗಳು ಮುಂದೆ ಬರುತ್ತವೆ ಅಂತ ಸರ್ಕಾರ ನಿಯಮವನ್ನು ತಾತ್ಕಾಲಿಕವಾಗಿ ಕೈಬಿಟ್ಟಿತು. ಆರು ವರ್ಷ ಹಾಗೇ ನಡೆಯಿತು. ತರಬೇತಿಯ ಗುಣಮಟ್ಟದ ಬಗ್ಗೆ ಚಿಂತೆ ಶುರುವಾಗಿ 2009ರಲ್ಲಿ ನಿಯಮವನ್ನು ವಾಪಸ್ ತಂದರು. ಸುಮ್ನೆ ಕಾಗದದ ಕಾಟ ಆಗಿದ್ದರೆ ಅದನ್ನು ಮತ್ತೆ ಎಳೆದು ತರುವ ಉಸಾಬರಿ ಯಾರಿಗೆ ಬೇಕಿತ್ತು?

ಕೆಲಸ ಚೆನ್ನಾಗಿ ಬರುವವರಿಗೆ ಕಲಿಸಲು ಬರಲೇಬೇಕು ಅಂತೇನಿಲ್ಲ. ಬರದಿರುವ ಸಾಧ್ಯತೆಯೇ ಜಾಸ್ತಿ. ಕೈಗೆ ಕೆಲಸ ಹತ್ತಿದ ಮೇಲೆ ನಡುವಿನ ಹೆಜ್ಜೆಗಳು ಅವರಿಗೇ ಕಾಣುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಕೆಲಸವೇ ಗೊತ್ತಿಲ್ಲದ ಲಕ್ಷಾಂತರ ಜನ ಬಂದು ಸೇರಿದಾಗ ಈ ತೊಡಕು ಎದುರಾಯಿತು. ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಅನ್ನುವ ಸರ್ಕಾರಿ ಯೋಜನೆಯಲ್ಲಿ ಸೂಪರ್‌ವೈಸರ್‌ಗಳಿಗೆ ಕಲಿಸುವುದನ್ನೇ ಕಲಿಸಲು ಹೊರಟರು. ದಿನಕ್ಕೆ ಎರಡು ಗಂಟೆ, ಐದು ದಿನ. ಒಟ್ಟು 10 ಗಂಟೆ.

ಆ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸುತ್ತಿದ್ದರು. ಹಳೆಯ ಬಲ್ಬ್ ಹೋಲ್ಡರ್ ಒಳಗೆ ವೈರು ಜಗ್ಗದಂತೆ ಹಾಕುತ್ತಿದ್ದ ಒಂದು ಗಂಟು. ತರಬೇತುದಾರ ಮೊದಲು ಬರೀ ಬಾಯಲ್ಲಿ ಹೇಳುತ್ತಾರೆ: ಬಲಗಡೆ ವೈರನ್ನು ಹಿಂದಿನಿಂದ ತಂದು ಕುಣಿಕೆ ಮಾಡಿ, ಹೀಗೆ ಹಾಗೆ. ಎದುರಿಗಿದ್ದವನ ಕೈಯಲ್ಲಿ ವೈರು ಸಿಕ್ಕಾಗುತ್ತದೆ ಹೊರತು ಗಂಟಾಗುವುದಿಲ್ಲ. ಆಮೇಲೆ ಬಾಯಿ ಮುಚ್ಚಿಕೊಂಡು ಮಾಡಿ ತೋರಿಸುತ್ತಾರೆ. ಆಗಲೂ ಆಗುವುದಿಲ್ಲ. ಮೂರನೇ ಸಲ ಪಕ್ಕ ಕೂರಿಸಿಕೊಂಡು ಒಂದೊಂದೇ ಹೆಜ್ಜೆ ತೋರಿಸುತ್ತಾರೆ. ಪ್ರತಿ ಹೆಜ್ಜೆಯಲ್ಲಿ ತಪ್ಪಾಗುವ ಜಾಗ ಯಾವುದು, ಅಲ್ಲಿ ಹೀಗೇ ಯಾಕೆ ಮಾಡಬೇಕು ಅಂತ ಹೇಳುತ್ತಾರೆ. ಆಮೇಲೆ ಅವನ ಕೈಯಲ್ಲೇ ಮಾಡಿಸಿ, ಮಾಡುತ್ತಾ ಕಾರಣವನ್ನೂ ಹೇಳಿಸುತ್ತಾರೆ. ಗಂಟು ಬೀಳುತ್ತದೆ. ಕಲಿಯುವವನು ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅನ್ನುವುದು ಅವರ ಘೋಷವಾಕ್ಯ. ಯುದ್ಧ ಮುಗಿಯುವ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನ ಟಿಡಬ್ಲ್ಯುಐ ಸರ್ಟಿಫಿಕೇಟ್ ಪಡೆದಿದ್ದರು. ಕಲಿಸುವ ಕಲೆಗೆ ವರ್ಷಗಟ್ಟಲೆ ಬೇಕು ಅನ್ನುವವರಿಗೆ ಈ 10 ಗಂಟೆಯ ಲೆಕ್ಕ ಹೇಳಬೇಕು ಅನಿಸುತ್ತದೆ.

ಹಾಗಾದರೆ ಎಲ್ಲ ಕಂಪನಿಗಳೂ ಯಾಕೆ ಮಾಡುವುದಿಲ್ಲ? ಇಲ್ಲಿ ದುಡ್ಡಿನ ಮಾತು ಬರುತ್ತದೆ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ಒಂದು ನೇರ ಪ್ರಶ್ನೆ ಎತ್ತಿದರು. ಎಲ್ಲ ಕಡೆ ಬೇಕಾಗುವ ಕೌಶಲವನ್ನು ನಾನು ಖರ್ಚು ಮಾಡಿ ಕಲಿಸಿದರೆ, ನಾಳೆ ಪಕ್ಕದ ಕಂಪನಿ ಸ್ವಲ್ಪ ಜಾಸ್ತಿ ಸಂಬಳ ಕೊಟ್ಟು ಅವನನ್ನು ಎಳೆದುಕೊಂಡರೆ? ಬೆಕರ್ ಪ್ರಕಾರ ಹಾಗಾಗಿ ಅಂಥ ತರಬೇತಿಯ ಖರ್ಚು ಕಲಿಯುವವನ ತಲೆಗೇ ಬೀಳುತ್ತದೆ, ಕಮ್ಮಿ ಸಂಬಳದ ರೂಪದಲ್ಲಿ. ಸ್ಟೈಪೆಂಡ್ ಯಾಕೆ ಅಷ್ಟು ಸಣ್ಣದು ಅನ್ನುವುದಕ್ಕೆ ಇದೂ ಒಂದು ಉತ್ತರ.

ಆದರೆ ನಿಜದಲ್ಲಿ ಕಂಪನಿಗಳು ಖರ್ಚು ಮಾಡುತ್ತವೆ. ಜರ್ಮನಿಯಲ್ಲಿ ಸರಾಸರಿ ಲೆಕ್ಕ ಹಾಕಿದರೆ ತರಬೇತಿಯ ಅವಧಿಯಲ್ಲಿ ಕಂಪನಿಗೆ ನಷ್ಟವೇ. ಸ್ವಿಟ್ಜರ್ಲೆಂಡಿನಲ್ಲಿ ಸರಾಸರಿ ಕಂಪನಿಗೆ ತರಬೇತಿ ಮುಗಿಯುವಷ್ಟರಲ್ಲೇ ಖರ್ಚು ವಾಪಸ್ ಬಂದು ಲಾಭವೂ ಉಳಿಯುತ್ತದೆ. ವ್ಯತ್ಯಾಸ ಎಲ್ಲಿ? ಸ್ವಿಸ್ ಅಪ್ರೆಂಟಿಸ್‌ಗಳು ನುರಿತವರ ಸಂಬಳಕ್ಕೆ ಹೋಲಿಸಿದರೆ ಕಮ್ಮಿ ಪಡೆಯುತ್ತಾರೆ. ಕೆಲಸದ ಜಾಗದಲ್ಲಿ ಹೆಚ್ಚು ದಿನ ಇರುತ್ತಾರೆ. ಇದ್ದಾಗ ನಿಜವಾದ ಉತ್ಪಾದನೆಯ ಕೆಲಸವನ್ನೇ ಹೆಚ್ಚು ಮಾಡುತ್ತಾರೆ. ಜರ್ಮನ್ ಕಂಪನಿ ಲಾಭ ನೋಡುವುದು ಆಮೇಲೆ, ಅವರನ್ನೇ ಕೆಲಸಕ್ಕೆ ಉಳಿಸಿಕೊಂಡಾಗ. ಎರಡು ಮೂರು ವರ್ಷ ಕಣ್ಣೆದುರೇ ನೋಡಿದವನ ಗುಣ ದೋಷ ಯಾವ ಇಂಟರ್‌ವ್ಯೂನಲ್ಲೂ ಗೊತ್ತಾಗುವುದಿಲ್ಲವಲ್ಲ. ಕಲಿಸುವವರ ಸಮಯವೂ ಈ ಲೆಕ್ಕದ ಒಂದು ದೊಡ್ಡ ಬಾಬ್ತು. ಆ ಬಾಬ್ತನ್ನು ಸೊನ್ನೆ ಅಂತ ಬರೆದುಕೊಂಡು ಶುರು ಮಾಡುವ ಯೋಜನೆಗಳೇ ಮುಂದೆ ಮುಗ್ಗರಿಸುವುದು.

ಸ್ವಂತ ಇಚ್ಛೆಯಿಂದ ಬಾರದ ಕಂಪನಿಗಳನ್ನು ಕರೆತರಲು ಸರ್ಕಾರಗಳು ಕಾನೂನು ಬಳಸುತ್ತವೆ. ಭಾರತದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಇದು ತಲೆ ಎಣಿಸುವ ದಾರಿ. ಇಂಗ್ಲೆಂಡ್ ಹಿಡಿದದ್ದು ತೆರಿಗೆಯ ದಾರಿ. 2015ರಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಬಂತು. 2017ರ ಏಪ್ರಿಲ್‌ನಿಂದ ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಹಂಚುವ ಸಂಸ್ಥೆಗಳು ಸಂಬಳದ ಮೊತ್ತದ ಶೇ. 0.5ರಷ್ಟನ್ನು ಅಪ್ರೆಂಟಿಸ್ ತೆರಿಗೆಯಾಗಿ ಕಟ್ಟಬೇಕಾಯಿತು. ಕಟ್ಟಿದ ಹಣವನ್ನು ತರಬೇತಿಗೆ ಬಳಸಬಹುದು, ಬಳಸದಿದ್ದರೆ ಹೋಯಿತು.

ಕಂಪನಿಗಳು ಬುದ್ಧಿವಂತರು. ಹೇಗೂ ಕಟ್ಟಿದ ದುಡ್ಡು ಅಂತ ತಮ್ಮಲ್ಲೇ ಇದ್ದ ಮ್ಯಾನೇಜರುಗಳನ್ನು "ಅಪ್ರೆಂಟಿಸ್" ಅಂತ ಹೆಸರಿಸಿ ಎಂಬಿಎ ಓದಿಸಿದವರೂ ಇದ್ದರು. ಇತ್ತ 2015-16ರಲ್ಲಿ 5 ಲಕ್ಷ ದಾಟಿದ್ದ ಹೊಸ ಅಪ್ರೆಂಟಿಸ್‌ಗಳ ಸಂಖ್ಯೆ 2017-18ಕ್ಕೆ 3.76 ಲಕ್ಷಕ್ಕೆ ಇಳಿಯಿತು. ಎಂಬಿಎಗೆ ಈ ಹಣ ಸಿಗದಂತೆ ಆಮೇಲೆ ನಿಲ್ಲಿಸಿದರು. ಈಗ 2026ರ ಜನವರಿಯಿಂದ ಸ್ನಾತಕೋತ್ತರ ಮಟ್ಟದ ಅಪ್ರೆಂಟಿಸ್‌ಶಿಪ್‌ನ ಸರ್ಕಾರಿ ಹಣವನ್ನು ಬಹುಮಟ್ಟಿಗೆ 16ರಿಂದ 21 ವರ್ಷದವರಿಗೆ ಸೀಮಿತಗೊಳಿಸಿದ್ದಾರೆ. ದುಡ್ಡು ಕಟ್ಟಿಸುವುದು ಸುಲಭ. ಯಾರಿಗೆ ಯಾರು ಏನು ಕಲಿಸಬೇಕು ಅನ್ನುವುದನ್ನು ತೆರಿಗೆ ಹೇಳುವುದಿಲ್ಲ.

ಇನ್ನು ಕ್ಯಾಲೆಂಡರ್. ನೋಡಲು ಸಣ್ಣ ವಿಷಯ, ಹೆಚ್ಚು ತಲೆನೋವು ಕೊಡುವುದು ಇದೇ. ಸಿನ್ಸಿನಾಟಿಯಲ್ಲಿ ವಾರ ಬಿಟ್ಟು ವಾರ ಅಂತ ಶುರುವಾಯಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಕೋ-ಆಪ್ ಜೊತೆಗೆ. ಅಲ್ಲಿ ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 1970ರ ದಶಕದಲ್ಲಿ ಡೈಮ್ಲರ್-ಬೆಂಜ್, ಬಾಷ್ ಮುಂತಾದ ಕಂಪನಿಗಳು ಸೇರಿ ಕಟ್ಟಿದ ವೃತ್ತಿ ಅಕಾಡೆಮಿ 2009ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಯಾಗಿ ಬದಲಾಯಿತು. ಅಲ್ಲಿ ಮೂರು ವರ್ಷದ ಡಿಗ್ರಿ, ಸುಮಾರು ಮೂರು ಮೂರು ತಿಂಗಳ ಸರದಿ. ಮೊದಲು ಕಂಪನಿ ವಿದ್ಯಾರ್ಥಿಯನ್ನು ಆಯ್ದುಕೊಂಡು ಕರಾರು ಮಾಡಿಕೊಳ್ಳುತ್ತದೆ, ಆಮೇಲೆ ಕಾಲೇಜಿನ ದಾಖಲಾತಿ. ಓದುವ ತಿಂಗಳಲ್ಲೂ ಸಂಬಳ ನಿಲ್ಲುವುದಿಲ್ಲ.

ಯಾವುದು ಒಳ್ಳೆಯದು? ದಿನಾ ಒಂದೇ ಬಗೆಯ ಕೆಲಸ ಬರುವ ಕಸುಬಿಗೆ ವಾರದಲ್ಲಿ ಎರಡು ದಿನ ಶಾಲೆ ಅನ್ನುವುದು ಹೊಂದುತ್ತದೆ. ಬುಧವಾರ ಕಲಿತದ್ದನ್ನು ಗುರುವಾರ ಮಾಡಿ ನೋಡಬಹುದು. ಸಾಫ್ಟ್‌ವೇರ್ ಅಥವಾ ಡಿಸೈನ್ ಥರದ ಪ್ರಾಜೆಕ್ಟ್ ಕೆಲಸಕ್ಕೆ ಇದು ಆಗಿಬರುವುದಿಲ್ಲ. ಎರಡು ದಿನ ಮಾಯವಾಗುವ ಹುಡುಗಿಯ ಕೈಗೆ ಮುಖ್ಯವಾದ ಕೆಲಸ ಯಾರೂ ಕೊಡುವುದಿಲ್ಲ. ಅಲ್ಲಿ ಮೂರು ನಾಲ್ಕು ತಿಂಗಳ ಗಟ್ಟಿ ಅವಧಿಯೇ ಬೇಕು. ಆರು ವಾರದ ಇಂಟರ್ನ್‌ಶಿಪ್ ಅಂತೂ ಲಾಗಿನ್ ಐಡಿ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ.

ಕಾಲೇಜಿನವರದ್ದೂ ಪಾಲಿದೆ. ಒಂದು ವಾರ್ಡಿಗೆ ಹೋಗೋಣ. ನರ್ಸಿಂಗ್ ವಿದ್ಯಾರ್ಥಿನಿಗೆ 500 ಮಿಲಿಲೀಟರ್ ಡ್ರಿಪ್ ಅನ್ನು ನಾಲ್ಕು ಗಂಟೆಯಲ್ಲಿ ಮುಗಿಸಬೇಕು ಅಂತ ಹೇಳಿದ್ದಾರೆ. ಸೆಟ್‌ನಲ್ಲಿ ಒಂದು ಮಿಲಿಲೀಟರಿಗೆ 20 ಹನಿ. ಲೆಕ್ಕ ಹಾಕಿದಳು, ನಿಮಿಷಕ್ಕೆ ಸುಮಾರು 42 ಹನಿ. ವಾಚ್ ಹಿಡಿದು ಎಣಿಸಿ ಸರಿಮಾಡಿದಳು. ಅರ್ಧ ಗಂಟೆ ಬಿಟ್ಟು ಬಂದರೆ 25 ಹನಿ. ರೋಗಿ ಮೊಣಕೈ ಮಡಚಿ ಮಲಗಿದ್ದಾರೆ. ಹಿರಿಯ ಸಿಸ್ಟರ್ ಬಂದು ಕೈ ನೇರ ಮಾಡಿಸಿದರು, ಹನಿ ಮತ್ತೆ ಸರಿಯಾಯಿತು. ಆಮೇಲೆ ಅವಳು ಲಾಗ್‌ಬುಕ್‌ನಲ್ಲಿ ಏನು ಬರೆದಳು? "ಡ್ರಿಪ್ ಹಾಕಿದೆ." ಎರಡೇ ಪದ, ಕೆಳಗೊಂದು ಸಹಿ.

ಅವಳು ಆ ದಿನ ನಿಜವಾಗಿ ಕಲಿತದ್ದು ಆ ಎರಡು ಪದದಲ್ಲಿ ಇಲ್ಲ. ಎಣಿಸಿ ಬಿಟ್ಟರೆ ಸಾಲದು, ಮತ್ತೆ ಬಂದು ನೋಡಬೇಕು; ಹನಿ ಕಮ್ಮಿಯಾದರೆ ಮೊದಲು ಹನಿಯ ವೇಗ ಹೊಂದಿಸುವ ಕ್ಲಾಂಪ್ ತಿರುಗಿಸಬಾರದು, ಕೈ ನೋಡಬೇಕು. ಕ್ಲಾಂಪ್ ಬಿಚ್ಚಿ 42ಕ್ಕೆ ತಂದಿದ್ದರೆ, ರೋಗಿ ಕೈ ಚಾಚಿದ ಕೂಡಲೇ ಹನಿ ಓಡುತ್ತಿತ್ತು. ಈ ಮಾತನ್ನು ಅವಳ ಬಾಯಿಂದ ಹೊರಡಿಸಬೇಕಾದವರು ಕಾಲೇಜಿನ ಟೀಚರ್. ಮರುದಿನ ಕ್ಲಾಸಿನಲ್ಲಿ "ಯಾಕೆ ಕಮ್ಮಿಯಾಯ್ತಮ್ಮ?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು. ಆದರೆ ಆ ಟೀಚರ್‌ಗೆ ವಾರಕ್ಕೆ ಪೂರ್ತಿ ಪಾಠದ ಗಂಟೆಗಳಿವೆ, ಮೇಲೆ ಅರವತ್ತು ಜನರ ಲಾಗ್‌ಬುಕ್. ವಾರ್ಡಿಗೆ ಹೋಗಿ ಬರುವ ಸಮಯ ಅವರ ಟೈಮ್‌ಟೇಬಲ್‌ನಲ್ಲಿ ಇಲ್ಲ. ಸಹಿ ಹಾಕುವುದು ಬಿಟ್ಟು ಇನ್ನೇನು ಮಾಡಿಯಾರು? ಕ್ರೆಡಿಟ್ ಕೊಡುವುದು ಕಳೆದ ಗಂಟೆಗಳಿಗೆ ಅಂತಾದರೆ ಲಾಗ್‌ಬುಕ್ ಹಾಜರಿ ಪುಸ್ತಕವಾಗುತ್ತದೆ.

ನನ್ನ ಹತ್ತಿರವೂ ಒಂದು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಇದೆ. ದಪ್ಪ ಕಾಗದ, ಚಂದದ ಮೊಹರು, "ಅತ್ಯುತ್ತಮ ಕಲಿಕೆ" ಅನ್ನುವ ಷರಾ. ಎರಡು ತಿಂಗಳು ನಾನು ಹಳೆ ಫೈಲುಗಳನ್ನು ಸ್ಕ್ಯಾನ್ ಮಾಡಿ ಹೆಸರು ಕೊಡುತ್ತಿದ್ದೆ. ಮೊದಲ ದಿನ ಪರಿಚಯ ಮಾಡಿಸಿದ ಮೆಂಟರ್ ಅನ್ನು ಮತ್ತೆ ನೋಡಿದ್ದು ಕೊನೆಯ ದಿನ, ಸಹಿ ಹಾಕುವಾಗ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿ ಆಗಲೇ ಇಬ್ಬರ ಕೆಲಸ ಇತ್ತು. ಮೂರನೆಯದಾಗಿ ನನ್ನನ್ನು ತಂದು ಕೂರಿಸಿದ್ದರು.

ಇಲ್ಲಿಂದ ಅಗ್ಗದ ಕೂಲಿಗೆ ಒಂದೇ ಹೆಜ್ಜೆ. ಅಮೆರಿಕದಲ್ಲಿ ಸಂಬಳವಿಲ್ಲದ ಇಂಟರ್ನ್‌ಗಳು ಕೋರ್ಟಿಗೆ ಹೋದರು. 2015ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೇಳಿದ ಪ್ರಶ್ನೆ ಇದು: ಈ ಸಂಬಂಧದಿಂದ ಹೆಚ್ಚು ಲಾಭ ಯಾರಿಗೆ? ಕಲಿಯುವವನಿಗೋ, ಕೆಲಸ ಕೊಟ್ಟವನಿಗೋ? ಅದನ್ನು ತೂಗಲು ಏಳು ಅಂಶ ಹೇಳಿತು. ಕೆಲಸ ಓದಿನ ಜೊತೆ ಹೆಣೆದುಕೊಂಡಿದೆಯೇ, ಕಾಲೇಜಿನ ವೇಳಾಪಟ್ಟಿಗೆ ಹೊಂದುತ್ತದೆಯೇ, ಇಂಟರ್ನ್ ಬಂದು ಸಂಬಳದವರ ಕೆಲಸ ಹೋಯಿತೇ ಅನ್ನುವಂಥವು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯೂ ಇದನ್ನೇ ಒಪ್ಪಿಕೊಂಡಿತು. ತಕ್ಕಡಿ ಚೆನ್ನಾಗಿದೆ. ಆದರೆ ತೂಗುವುದು ಎಲ್ಲ ಮುಗಿದ ಮೇಲೆ, ಅದೂ ವಕೀಲರನ್ನು ಹಿಡಿಯುವ ಶಕ್ತಿ ಇದ್ದವರಿಗೆ.

ಬೇಗ ಕೆಲಸ ಕಲಿಸುವುದಕ್ಕೆ ಇನ್ನೊಂದು ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಮತ್ತು ಜೊತೆಯವರು 11 ದೇಶಗಳ ಮಾಹಿತಿ ಇಟ್ಟುಕೊಂಡು 2017ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ವೃತ್ತಿ ಶಿಕ್ಷಣ ಪಡೆದವರಿಗೆ ಚಿಕ್ಕ ವಯಸ್ಸಿನಲ್ಲಿ ಕೆಲಸ ಬೇಗ ಸಿಗುತ್ತದೆ, ವಯಸ್ಸಾಗುತ್ತಾ ಹೋದಂತೆ ಆ ಮೇಲುಗೈ ಕರಗಿ ಸಾಮಾನ್ಯ ಶಿಕ್ಷಣದವರಿಗಿಂತ ಹಿಂದೆ ಬೀಳುತ್ತಾರೆ ಅಂತ ಅದರ ಸಾರ. ಅಪ್ರೆಂಟಿಸ್‌ಶಿಪ್ ಗಟ್ಟಿಯಾಗಿ ಬೇರೂರಿದ ದೇಶಗಳಲ್ಲೇ ಇದು ಹೆಚ್ಚು ಎದ್ದು ಕಂಡಿತು. ಒಂದು ಮಷೀನಿಗೆ, ಒಂದು ಸಾಫ್ಟ್‌ವೇರಿಗೆ ಒಗ್ಗಿದ ಕೈಗೆ ಅದು ಬದಲಾದಾಗ ದಾರಿ ಕಾಣದು. ಸ್ವಿಟ್ಜರ್ಲೆಂಡ್ ಇದಕ್ಕೊಂದು ಬಾಗಿಲು ಇಟ್ಟಿದೆ. ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹದಿಹರೆಯದವರು ವೃತ್ತಿ ತರಬೇತಿಯ ದಾರಿ ಹಿಡಿಯುತ್ತಾರೆ. 1990ರ ದಶಕದಲ್ಲಿ ತಂದ ಒಂದು ವಿಶೇಷ ಪ್ರಮಾಣಪತ್ರ ಪಡೆದರೆ ಅವರು ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯಗಳಿಗೆ ಹೋಗಬಹುದು. ಕಾಲೇಜು ಓದಿನ ಜೊತೆಗೇ ಅಪ್ರೆಂಟಿಸ್‌ಶಿಪ್ ಬೆಸೆಯುವ ಯೋಚನೆಗೆ ನಿಜವಾದ ಬಲ ಇರುವುದು ಇಲ್ಲಿಯೇ. ಕೈಗೆಲಸದ ಜೊತೆಗೆ ಕಾರಣವನ್ನೂ ಕಲಿತವನು ಅಲ್ಯೂಮಿನಿಯಂ ಬಂದಾಗ ಕಂಗಾಲಾಗುವುದಿಲ್ಲ.

ಈಗ ಎಐ ಬಂದು ಇನ್ನೊಂದು ಗಂಟು ಬಿದ್ದಿದೆ. ಹೊಸಬರು ಕಲಿಯುತ್ತಿದ್ದದ್ದು ಸಣ್ಣಪುಟ್ಟ ಕೆಲಸ ಮಾಡುತ್ತಾ: ಮೊದಲ ಕರಡು, ಸಣ್ಣ ಬಗ್, ಲೆಕ್ಕ ತಾಳೆ ನೋಡುವುದು. ಹಿರಿಯರಿಗೆ ಬೇಡವಾದ ಆ ಕೆಲಸವೇ ಹೊಸಬರಿಗೆ ಪಾಠವಾಗಿತ್ತು, ಕಂಪನಿಗೂ ಲಾಭವಾಗಿತ್ತು. ಅದನ್ನೆಲ್ಲ ಸಾಫ್ಟ್‌ವೇರ್ ಮಾಡಿಬಿಟ್ಟರೆ ಅಪ್ರೆಂಟಿಸ್‌ನಿಂದ ಕಂಪನಿಗೆ ಸಿಗುತ್ತಿದ್ದ ಅಷ್ಟು ಪ್ರಯೋಜನವೂ ಹೋಗುತ್ತದೆ. ಉಳಿಯುವುದು ಕಲಿಸುವ ಖರ್ಚು ಮಾತ್ರ. ಸ್ವಿಸ್ ಲೆಕ್ಕ ಜರ್ಮನ್ ಲೆಕ್ಕವಾಗಿ ಬದಲಾಗುತ್ತದೆ ಅನ್ನಬಹುದು. ಕಂಪನಿಗಳು ಹೊಸಬರನ್ನು ಕೈಬಿಡುವುದು ಸುಲಭ. ಹತ್ತು ವರ್ಷದ ನಂತರ ಹಿರಿಯರನ್ನು ಎಲ್ಲಿಂದ ತರುತ್ತಾರೆ ಅನ್ನುವುದು ಅವರೂ ಯೋಚಿಸಬೇಕಾದ ಮಾತು.

ಇಂಥ ಕೋರ್ಸ್ ಸೇರಲು ಹೊರಟವರು ಕಾಗದಕ್ಕೆ ಸಹಿ ಹಾಕುವ ಮುಂಚೆ ಸ್ಟೈಪೆಂಡ್ ಕೇಳುತ್ತಾರೆ. ಕೇಳಲೇಬೇಕು. ಜೊತೆಗೆ ನನಗೆ ಕಲಿಸುವವರ ಹೆಸರೇನು, ವಾರಕ್ಕೆ ಎಷ್ಟು ಗಂಟೆ ಅವರನ್ನು ಬೇರೆ ಕೆಲಸದಿಂದ ಬಿಡಿಸಿದ್ದೀರಿ, ಅವರು ರಜೆ ಹೋದರೆ ಯಾರು ಅಂತಲೂ ಕೇಳಬೇಕು. ಕಾಲೇಜಿನವರನ್ನು ಕೇಳಬೇಕಾದದ್ದು: ನಾನು ಕೆಲಸ ಮಾಡುವ ಜಾಗಕ್ಕೆ ನಿಮ್ಮವರು ಎಷ್ಟು ಸಲ ಬರುತ್ತಾರೆ? ಜರ್ಮನಿಯ ಕಾನೂನಿನಲ್ಲಿ ಒಂದು ಸಾಲಿದೆ. ಅಪ್ರೆಂಟಿಸ್‌ಗೆ ತರಬೇತಿಯ ಉದ್ದೇಶಕ್ಕೆ ನೆರವಾಗುವ, ಅವನ ಮೈ ತಾಳುವ ಕೆಲಸವನ್ನು ಮಾತ್ರ ಕೊಡಬೇಕು ಅಂತ. ಆ ಒಂದು ಸಾಲನ್ನು ನಿಮ್ಮ ಕರಾರಿನಲ್ಲೂ ಸೇರಿಸುತ್ತೀರಾ ಅಂತ ಕೇಳಿ ನೋಡಿ. ಎದುರಿಗೆ ಕೂತವರು ಕೂಡಲೇ ಒಪ್ಪುತ್ತಾರೋ, "ಮೇಲಿನವರನ್ನು ಕೇಳಿ ಹೇಳ್ತೀನಿ" ಅನ್ನುತ್ತಾರೋ ಗಮನಿಸಿ.